ಒದೆಯುವ ರೈಫಲ್, ನಿಲ್ಲದ ಗುರಿ: ಸ್ಕೋಪ್ ದೋಷ ಹುಡುಕುವ ಕ್ರಮ ಮತ್ತು ಬಾಳಿಕೆಯ ಸ್ಕೋಪ್ ಆಯ್ಕೆ

ಸ್ಕೋಪ್ (ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನು) ನೋಡಿ ಹೊಡೆದಾಗ ಕಳೆದ ತಿಂಗಳು ನೂರು ಮೀಟರಿನಲ್ಲಿ ಚುಕ್ಕೆಯ ಮೇಲೆಯೇ ಕೂರುತ್ತಿದ್ದ ಗುಂಡು ಈಗ ಗೇಣುದ್ದ ಎಡಕ್ಕೆ ಬೀಳುತ್ತಿದೆ. ಗುರಿ ಸರಿಸುವ ಗುಂಡಿಯನ್ನು, ಅಂದರೆ ಟರೆಟ್ಟನ್ನು, ನಾಲ್ಕು ಕ್ಲಿಕ್ (ಹಲ್ಲು) ತಿರುಗಿಸಿದರೆ ಏನೂ ಆಗುವುದಿಲ್ಲ. ಇನ್ನೆರಡು ಈಡು ಹೊಡೆದ ಮೇಲೆ ಗುರಿ ಒಮ್ಮೆಲೇ ಆಚೆ ಹಾರುತ್ತದೆ. ಈ ದೂರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಸ್ಕೋಪ್ ಹೋಯಿತು, ಹೊಸದು ಹಾಕಿ’ ಎಂದು. ಹೊಸದು ಹಾಕಿದ ಮೇಲೂ ಅದೇ ದೂರು ಉಳಿದರೆ ಆಶ್ಚರ್ಯಪಡಬೇಕಿಲ್ಲ. ಜೋರಾಗಿ ಒದೆಯುವ ರೈಫಲ್‌ನಲ್ಲಿ ಗುರಿ ಅಲೆಯುವುದಕ್ಕೆ ಸ್ಕೋಪಿನ ಒಳಗಿನ ಕಾರಣಗಳಿಗಿಂತ ಹೊರಗಿನವೇ ಹೆಚ್ಚು: ಬೇಸಿನ (ರೈಫಲ್ ಮೇಲೆ ಬಿಗಿದ ಪಟ್ಟಿ) ಸ್ಕ್ರೂ, ರಿಂಗ್ (ಬೇಸಿನ ಮೇಲೆ ಸ್ಕೋಪನ್ನು ಹಿಡಿಯುವ ಬಳೆ), ಮರದ ಸ್ಟಾಕ್ (ನಳಿಗೆ ಕೂರುವ ಕಟ್ಟಿಗೆ). ಹಾಗಾಗಿ ದುಡ್ಡು ಬೇಡದ ಪರೀಕ್ಷೆಗಳನ್ನೆಲ್ಲ ಮುಗಿಸಿ, ಸ್ಕೋಪನ್ನು ಕೊನೆಗೆ ಅನುಮಾನಿಸಿ.

ಇದು ಪರವಾನಗಿ ಇರುವ .315 ಮತ್ತು .30-06 ಸ್ಪೋರ್ಟಿಂಗ್ ರೈಫಲ್, .375 ಮ್ಯಾಗ್ನಮ್, ಸ್ಲಗ್ ಹೊಡೆಯುವ 12 ಬೋರ್ ಇವುಗಳಿಗೆ ಅನ್ವಯಿಸುವ ವಿಷಯ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆ ರಕ್ಷಣೆಗೆಂದು ಇರುವ ಒಂಟಿನಳಿಗೆ, ಜೋಡುನಳಿಗೆ ಚರೆ ಕೋವಿಗೆ ಸ್ಕೋಪಿನ ಅಗತ್ಯವೇ ಇಲ್ಲ. ಪರೀಕ್ಷೆಯ ಈಡುಗಳು ಅನುಮತಿ ಇರುವ ರೇಂಜಿನಲ್ಲೇ ಆಗಬೇಕು, ತೋಟದ ಅಂಚಿನಲ್ಲಿ ಅಲ್ಲ. .30-06ರ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಮೇಜಿನ ಮೇಲೆ ಮಾಡುವ ಕೆಲಸಕ್ಕೂ ಮೊದಲು ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು, ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿ ಎಂದು ಖಚಿತ ಮಾಡಿಕೊಳ್ಳಿ.

ದೂರು ಯಾವ ಬಗೆಯದು?

ಮೂರು ಈಡಿನ ಗುಂಪು ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ಪೆಟ್ಟಿಗೆಯ ತೋಟಾಗಳಿಂದ, ಮರಳು ಚೀಲದ ಮೇಲೆ ರೈಫಲ್ ಇಟ್ಟು, ಐದೈದು ಈಡಿನ ಎರಡು ಗುಂಪು ಹೊಡೆಯಿರಿ. ನಡುವೆ ನಳಿಗೆ ಕೈಗೆ ತಣ್ಣಗಾಗುವವರೆಗೆ ಕಾಯಿರಿ. ನಂತರ ಕಾಗದ ನೋಡಿ.

ಗುಂಪಿನ ನಡುಮಧ್ಯ ಅಲ್ಲೇ ಇದ್ದು ಗುಂಪು ಮಾತ್ರ ಹರಡಿದ್ದರೆ ಸ್ಟಾಕ್, ಆಕ್ಷನ್ ಸ್ಕ್ರೂ (ಲೋಹದ ಒಡಲನ್ನು ಸ್ಟಾಕಿಗೆ ಬಿಗಿಯುವ ಸ್ಕ್ರೂ), ತೋಟಾ ಅಥವಾ ಹೊಡೆಯುವವರ ಹೆಗಲನ್ನು ನೋಡಬೇಕು. ಗುಂಪು ಬಿಗಿಯಾಗಿದ್ದು ಪ್ರತಿ ಸಲ ಬೇರೆ ಜಾಗದಲ್ಲಿ ಬಿದ್ದರೆ ಬೇಸ್ ಅಥವಾ ಮರ. ಒಂದೇ ಕಾಗದದಲ್ಲಿ ಎರಡು ಪ್ರತ್ಯೇಕ ಗುಂಪು, ಒಂದು ಇಲ್ಲಿ ಒಂದು ಅಲ್ಲಿ ಎಂಬಂತೆ ಬಂದರೆ ಯಾವುದೋ ಒಂದು ಭಾಗ ಎರಡು ಸ್ಥಾನಗಳ ನಡುವೆ ಆಡುತ್ತಿದೆ ಎಂದರ್ಥ. ಸಡಿಲ ಬೇಸ್ ಇರಬಹುದು, ಸ್ಕೋಪಿನೊಳಗೆ ಕಳಚಿದ ಲೆನ್ಸ್ ಇರಬಹುದು. ನಳಿಗೆ ಬಿಸಿಯಾದಂತೆ ಗುಂಡುಗಳು ಒಂದರ ಮೇಲೊಂದು ಸಾಲಾಗಿ ಏರಿದರೆ ಸ್ಕೋಪಿನ ತಪ್ಪಲ್ಲ, ಮುಂಗಟ್ಟೆ (ನಳಿಗೆಯ ಕೆಳಗಿನ ಮುಂಭಾಗದ ಮರ) ನಳಿಗೆಯನ್ನು ಒತ್ತುತ್ತಿದೆ. ಕ್ಲಿಕ್ ಕೊಟ್ಟಷ್ಟು ಗುರಿ ಸರಿಯದಿದ್ದರೆ ಮಾತ್ರ ಸ್ಕೋಪಿನ ಒಳಭಾಗದ ಮೇಲೆ ನೇರ ಅನುಮಾನ.

.315ರಂಥ ರೈಫಲ್‌ಗೆ ಕಬ್ಬಿಣದ ಸೈಟ್ ಇದ್ದೇ ಇರುತ್ತದೆ. ಸ್ಕೋಪ್ ತೆಗೆದು ಆ ಸೈಟಿನಿಂದ ಐವತ್ತು ಮೀಟರಿಗೆ ಐದು ಈಡು ಹೊಡೆಯಿರಿ. ಗುಂಪು ಒಟ್ಟಾಗಿ ಬಂದರೆ, ಗುಂಪು ಹರಡುವ ದೂರಿನ ಮಟ್ಟಿಗೆ ನಳಿಗೆ, ಸ್ಟಾಕ್, ತೋಟಾ, ಹೆಗಲು ನಾಲ್ಕೂ ಒಂದೇ ಸಲಕ್ಕೆ ಅನುಮಾನದಿಂದ ಹೊರಗೆ. ಇಷ್ಟು ಅಗ್ಗದ ಪರೀಕ್ಷೆ ಮತ್ತೊಂದಿಲ್ಲ, ಆದರೂ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಹೆಗಲಿನ ವಿಷಯಕ್ಕೆ ಇನ್ನೊಂದು: ಜೊತೆಗಿರುವವರು ನಿಮಗೆ ಗೊತ್ತಾಗದಂತೆ ನಡುನಡುವೆ ಡಮ್ಮಿ ತೋಟಾ ತುಂಬಲಿ. ಟ್ರಿಗರ್ ಎಳೆದಾಗ ಡಮ್ಮಿಯ ಮೇಲೂ ನಳಿಗೆಯ ಮೂತಿ ತಗ್ಗಿದರೆ ಒದೆತಕ್ಕೆ ಹೆದರಿ ಮೈ ಸೆಳೆಯುತ್ತಿದೆ. ಅದಕ್ಕೆ ಯಾವ ಸ್ಕೋಪೂ ಮದ್ದಲ್ಲ.

ಬೇಸ್, ಸ್ಕ್ರೂ, ರಿಂಗ್

ಹೆಚ್ಚಿನ ದೂರು ಮುಗಿಯುವುದು ಇಲ್ಲೇ. ಈಡು ಹಾರಿದಾಗ ರೈಫಲ್ ಹಿಂದಕ್ಕೆ ಬರುತ್ತದೆ, ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಅಂದರೆ ರಿಂಗಿನ ಹಿಡಿತದಲ್ಲಿ ಸ್ಕೋಪ್ ಮುಂದಕ್ಕೆ ಜಾರುವ ಪ್ರಯತ್ನ ಪ್ರತಿ ಈಡಿಗೂ ನಡೆಯುತ್ತದೆ. ಸುಮಾರು 3.6 ಕಿಲೋ ತೂಕದ .30-06 ರೈಫಲ್‌ನ ಒದೆತ 27 ಜೂಲ್ ಎಂದು ಹಿಡಿದರೆ ಅದು ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 3.9 ಮೀಟರ್. ಆ ವೇಗ ಎರಡು ಮಿಲಿಸೆಕೆಂಡಿನಲ್ಲಿ ಬಂತೆಂದು ಲೆಕ್ಕ ಹಾಕಿದರೆ 350 ಗ್ರಾಂ ಸ್ಕೋಪ್ ರಿಂಗುಗಳನ್ನು ಎಳೆಯುವ ಸರಾಸರಿ ಬಲ ಸುಮಾರು 70 ಕಿಲೋ ಭಾರಕ್ಕೆ ಸಮ, 800 ಗ್ರಾಂ ಸ್ಕೋಪಿನದು ಸುಮಾರು 160 ಕಿಲೋ. ಗರಿಷ್ಠ ಎಳೆತ ಇದಕ್ಕೂ ಮೇಲೆ. .375ರಲ್ಲಿ ಒದೆತವೇ 50 ಜೂಲ್ ಆಸುಪಾಸು. ದೊಡ್ಡ ಸ್ಕೋಪ್ ಗಟ್ಟಿ ಎಂದು ನಂಬಿ ಕೊಳ್ಳುವವರು ಈ ಲೆಕ್ಕ ನೋಡಲಿ.

ಬಿಚ್ಚುವ ಮೊದಲು ಗುರುತು ಹಾಕಿ. ಬಿಳಿ ನೈಲ್‌ಪಾಲಿಶ್ ಸಾಕು: ರಿಂಗ್ ಮತ್ತು ಟ್ಯೂಬ್ ಸೇರುವಲ್ಲಿ ಒಂದು ಗೆರೆ, ಬೇಸ್ ಮತ್ತು ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಒಡಲು) ಸೇರುವಲ್ಲಿ ಒಂದು, ಪ್ರತಿ ಸ್ಕ್ರೂ ತಲೆಯ ಮೇಲೆ ಒಂದು. ಹತ್ತು ಈಡು ಹೊಡೆದು ನೋಡಿ. ಟ್ಯೂಬಿನ ಗೆರೆ ಮುಂದಕ್ಕೆ ಹೋಗಿದ್ದರೆ ರಿಂಗ್ ಹಿಡಿಯುತ್ತಿಲ್ಲ. ಸ್ಕ್ರೂ ಗೆರೆ ಮುರಿದಿದ್ದರೆ ಸ್ಕ್ರೂ ಬಿಡುತ್ತಿದೆ. ಯಾವುದೂ ಕದಲದೆ ಗುರಿ ಮಾತ್ರ ಕದಲಿದ್ದರೆ ಮುಂದಿನ ವಿಭಾಗಕ್ಕೆ ಹೋಗಿ.

ಬೇಸಿನ ಪರೀಕ್ಷೆಗೆ ರಿಂಗುಗಳನ್ನು ಪೂರ್ತಿ ತೆಗೆಯಬೇಕು. ರಿಂಗ್ ಇದ್ದಾಗ ಸ್ಕೋಪೇ ಬೇಸನ್ನು ಹಿಡಿದಿಟ್ಟು ಸಡಿಲವನ್ನು ಮುಚ್ಚಿಬಿಡುತ್ತದೆ. ಒಂದೇ ತುಂಡಿನ ಬೇಸಾದರೆ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಮುಂದಿನವನ್ನು ಮಾತ್ರ ಬಿಗಿದು, ಹಿಂದಿನ ತುದಿ ರಿಸೀವರ್‌ನಿಂದ ಎದ್ದಿದೆಯೇ ನೋಡಿ. ಸಿಗರೇಟಿನ ಪ್ಯಾಕಿನ ತೆಳು ಕಾಗದ ಒಳಗೆ ಹೋಗುವಷ್ಟು ಸಂದು ಇದ್ದರೂ ಅದನ್ನು ಸ್ಕ್ರೂವಿನಿಂದ ಎಳೆದು ಕೂರಿಸಬಾರದು. ಬೇಸ್ ಬಿಲ್ಲಿನಂತೆ ಬಾಗಿ, ಸ್ಕೋಪ್ ಟ್ಯೂಬನ್ನೂ ಬಾಗಿಸುತ್ತದೆ. ಸಂದಿಗೆ ಸರಿಯಾದ ಶಿಮ್ (ತೆಳು ತಗಡು) ಹಾಕಿಸಿ, ಅಥವಾ ಎಪಾಕ್ಸಿ ಅಂಟು ತುಂಬಿಸಿ ಬೆಡ್ ಮಾಡಿಸಿ.

ಇನ್ನೊಂದು ಕಳ್ಳ ದೋಷವೆಂದರೆ ಮುಂದಿನ ಸ್ಕ್ರೂ ಅರ್ಧ ಮಿಲಿಮೀಟರ್ ಉದ್ದವಾಗಿರುವುದು. ತುದಿ ನಳಿಗೆಯ ಹುರಿಗೆ (ಥ್ರೆಡ್) ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯಾಯಿತು ಎನಿಸುತ್ತದೆ, ಆದರೆ ತಲೆ ಬೇಸನ್ನು ಒತ್ತಿರುವುದೇ ಇಲ್ಲ. ಸ್ಕ್ರೂ ತೆಗೆದು ತುದಿ ನೋಡಿ: ಹೊಳೆಯುವ ತಿಕ್ಕಿದ ಗುರುತು ಇದ್ದರೆ ಉದ್ದ ಜಾಸ್ತಿ. ಹಿಂದಿನ ಸ್ಕ್ರೂ ಉದ್ದವಾದರೆ ಬೋಲ್ಟಿಗೆ ಉಜ್ಜುತ್ತದೆ, ಅದು ಬೇಗ ತಿಳಿದುಬರುತ್ತದೆ. ಸಣ್ಣ 6-48 ಅಳತೆಯ ಸ್ಕ್ರೂಗಳು .375ರ ಮಟ್ಟದ ಒದೆತಕ್ಕೆ ಕತ್ತರಿಸಿ ಹೋಗಬಹುದು. ಅಲ್ಲಿ ಇನ್ನೂ ದಪ್ಪನೆಯ 8-40 ಸ್ಕ್ರೂಗೆ ತೂತು ಹಿಗ್ಗಿಸುವುದು ಪರವಾನಗಿ ಇರುವ ಕೋವಿ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಮನೆಯ ಡ್ರಿಲ್ಲಿಗೆ ಕೈ ಹಾಕಬೇಡಿ.

ಬಿಗಿಯುವ ಅಳತೆಗೆ ತಯಾರಕರು ಕೊಟ್ಟ ಅಂಕಿಯೇ ಮೊದಲು. ಅದು ಕೈಗೆ ಸಿಗದಿದ್ದರೆ ಈ ಮಿತಿಯಲ್ಲಿ ಇರಿ: ರಿಂಗಿನ ಮೇಲ್ಭಾಗದ ಸ್ಕ್ರೂ 1.7ರಿಂದ 2.0 ನ್ಯೂಟನ್ ಮೀಟರ್, 6-48 ಬೇಸ್ ಸ್ಕ್ರೂ 1.7ರಿಂದ 2.2, 8-40 ಆದರೆ 2.8ರ ಹತ್ತಿರ. ಪಿಕಾಟಿನಿ ರೈಲಿನ (ಅಡ್ಡ ಕಚ್ಚುಗಳಿರುವ ಬೇಸ್) ಅಡ್ಡ ಬೋಲ್ಟು ರಿಂಗಿಗೆ ತಕ್ಕಂತೆ ಬಹಳ ಬದಲಾಗುತ್ತದೆ, ದೊಡ್ಡ ನಟ್ ಇರುವ ಉಕ್ಕಿನ ರಿಂಗುಗಳಿಗೆ 7.3 ನ್ಯೂಟನ್ ಮೀಟರ್‌ವರೆಗೂ ಹೇಳಿರುತ್ತಾರೆ. ಟಾರ್ಕ್ ಸ್ಕ್ರೂಡ್ರೈವರ್ (ಬಿಗಿತ ಅಳೆಯುವ ಸ್ಕ್ರೂಡ್ರೈವರ್) ಇಲ್ಲದೆ ‘ಕೈ ಅಳತೆ’ಯಲ್ಲಿ ಬಿಗಿದವರು ಸಾಮಾನ್ಯವಾಗಿ ಬೇಸನ್ನು ಕಡಿಮೆ ಬಿಗಿದು ರಿಂಗನ್ನು ಹೆಚ್ಚು ಬಿಗಿದಿರುತ್ತಾರೆ. ಹೆಚ್ಚು ಬಿಗಿದ ರಿಂಗು ಟ್ಯೂಬನ್ನು ಹಿಚುಕುತ್ತದೆ. ಪತ್ತೆ ಸುಲಭ: ರಿಂಗ್ ಸಡಿಲಿಸಿದ ಕೂಡಲೇ ಝೂಮ್ ಉಂಗುರ ಹಗುರವಾಗಿ ತಿರುಗಿದರೆ ಅಷ್ಟು ದಿನ ಟ್ಯೂಬ್ ಹಿಚುಕಿಕೊಂಡೇ ಇತ್ತು.

ಜೋಡಿಸುವ ಮೊದಲು ಟ್ಯೂಬ್, ರಿಂಗಿನ ಒಳಮೈ, ಸ್ಕ್ರೂ ತೂತು ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಕರಾವಳಿಯಲ್ಲಿ ತುಕ್ಕಿಗೆ ಹೆದರಿ ಎಲ್ಲಕ್ಕೂ ಎಣ್ಣೆ ಹಚ್ಚುವ ಅಭ್ಯಾಸವಿದೆ. ರಿಂಗಿನ ಒಳಗೆ ಹಚ್ಚಿದ ಎಣ್ಣೆ ಸ್ಕೋಪ್ ಜಾರಲು ನೀವೇ ಮಾಡಿಕೊಟ್ಟ ದಾರಿ. ತುಂಬಾ ಒದೆಯುವ ರೈಫಲ್‌ಗೆ ರಿಂಗಿನ ಒಳಗೆ ರಾಳದ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ತೆಳುವಾಗಿ ಬಳಿಯುವುದು ಹಳೆಯ, ಕೆಲಸ ಕೊಡುವ ಉಪಾಯ. ಬೇಸ್ ಸ್ಕ್ರೂಗೆ ಮಾತ್ರ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ, ಕೆಂಪು ಬೇಡ. ರಿಂಗ್ ಸ್ಕ್ರೂಗೆ ಅದನ್ನು ಹಾಕಿದರೆ ದ್ರವ ಒದ್ದೆ ಇರುವಾಗ ಹುರಿ ಜಾರಿ, ಅದೇ ಟಾರ್ಕಿಗೆ ಹಿಡಿತ ಹೆಚ್ಚಾಗಿ ಟ್ಯೂಬ್ ತಗ್ಗುತ್ತದೆ.

ಪಿಕಾಟಿನಿ ರೈಲಿನ ಕಚ್ಚು 5.23 ಮಿಲಿಮೀಟರ್ ಅಗಲ, ವೀವರ್ ಎಂಬ ಅಂಥದೇ ಇನ್ನೊಂದು ಬಗೆಯ ಬೇಸಿನದು 4.57. ವೀವರ್ ರಿಂಗ್ ಪಿಕಾಟಿನಿ ಕಚ್ಚಿನಲ್ಲಿ ಕೂರುತ್ತದೆ, ಆದರೆ ಹಿಂದೆ ಮುಂದೆ ಆಡಲು ಜಾಗ ಉಳಿಯುತ್ತದೆ. ಆದ್ದರಿಂದ ಬಿಗಿಯುವ ಮೊದಲು ರಿಂಗನ್ನು ನಳಿಗೆಯ ಮೂತಿಯ ಕಡೆಗೆ ತಳ್ಳಿ, ಅಡ್ಡ ಬೋಲ್ಟ್ ಕಚ್ಚಿನ ಮುಂಗೋಡೆಗೆ ತಾಗಿದ ಮೇಲೆ ಬಿಗಿಯಿರಿ. ಹಿಂಗೋಡೆಗೆ ಒತ್ತಿ ಬಿಗಿದರೆ ಮೊದಲ ಕೆಲವು ಈಡುಗಳಲ್ಲೇ ಅದು ಮುಂದಕ್ಕೆ ಜರುಗಿ ಝೀರೋ (ಗುರಿಗೆರೆ ಮತ್ತು ಗುಂಡು ಒಂದೇ ಕಡೆ ಬೀಳುವ ಹೊಂದಾಣಿಕೆ) ಹೋಗುತ್ತದೆ.

ಮಳೆಗಾಲದ ಮರ

ಘಟ್ಟದ ಮೇಲಿನವರ ದೂರಿನಲ್ಲಿ ಒಂದು ಲಯ ಕಾಣುತ್ತದೆ: ಸಂಕ್ರಾಂತಿ ಹೊತ್ತಿಗೆ ಸರಿ ಇದ್ದ ಝೀರೋ ಆಷಾಢಕ್ಕೆ ಹೋಗುತ್ತದೆ, ದೀಪಾವಳಿ ಕಳೆದು ತನ್ನಷ್ಟಕ್ಕೆ ಮರಳುತ್ತದೆ. ಋತುವಿನ ಜೊತೆ ಬಂದು ಹೋಗುವ ದೋಷ ಸ್ಕೋಪಿನದಲ್ಲ, ಮರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಹೀರಿ ಮುಂಗಟ್ಟೆ ಉಬ್ಬುತ್ತದೆ, ನಳಿಗೆಯನ್ನು ಒಂದು ಪಕ್ಕದಿಂದ ಒತ್ತುತ್ತದೆ.

ಖಾಲಿ ರೈಫಲ್‌ನ ನಳಿಗೆ ಮತ್ತು ಮುಂಗಟ್ಟೆಯ ನಡುವೆ ನೂರು ರೂಪಾಯಿ ನೋಟು ತೂರಿಸಿ ರಿಸೀವರ್‌ವರೆಗೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಮುಂದೆ ಬೇಸಿಗೆಯಲ್ಲಿ ಮತ್ತೊಮ್ಮೆ ಮಾಡಿ ಹೋಲಿಸಿ. ನಳಿಗೆಯ ತುದಿಯಲ್ಲಿ ಉದ್ದೇಶಪೂರ್ವಕ ಒತ್ತು ಬಿಟ್ಟ ವಿನ್ಯಾಸಗಳೂ ಉಂಟು, ಎಲ್ಲವನ್ನೂ ಕೆತ್ತಿ ಬಿಡಬೇಡಿ. ಸ್ಟಾಕಿನ ಒಳಮೈ ಸಾಮಾನ್ಯವಾಗಿ ಪಾಲಿಶ್ ಕಾಣದೆ ಬರಿಮರವಾಗಿ ಉಳಿದಿರುತ್ತದೆ, ತೇವ ಹೊಗುವುದು ಅಲ್ಲಿಂದಲೇ. ಚಳಿಗಾಲ ಕಳೆದು ಮರ ಒಣಗಿದ ಫೆಬ್ರವರಿ, ಮಾರ್ಚ್‌ನಲ್ಲಿ ಅದಕ್ಕೆ ಪಾಲಿಯುರಿಥೇನ್ ಎರಡು ಮೂರು ಪದರ ಕೊಡಿಸಿದರೆ ಮುಂದಿನ ಮಳೆಗೆ ವ್ಯತ್ಯಾಸ ಕಾಣುತ್ತದೆ. ಒದ್ದೆ ಮರದ ಮೇಲೆ ಹಚ್ಚಿದರೆ ತೇವವನ್ನು ಒಳಗೆ ಕೂಡಿಹಾಕಿದಂತೆ.

ಲೀ-ಎನ್‌ಫೀಲ್ಡ್ ಮಾದರಿಯ ಎರಡು ತುಂಡಿನ ಸ್ಟಾಕಿನಲ್ಲಿ ಮುಂಗಟ್ಟೆ ಬಿಚ್ಚದೆ ಹಿಂಗಟ್ಟೆಯ ಉದ್ದ ಬೋಲ್ಟನ್ನು ತಿರುಗಿಸಬೇಡಿ. ಬೋಲ್ಟಿನ ಚೌಕ ತುದಿ ಮುಂಗಟ್ಟೆಯೊಳಗೆ ತಿರುಗಿ ಮರ ಸೀಳುತ್ತದೆ. ಹಾಗೆ ಸೀಳಿದ ಮುಂಗಟ್ಟೆಯೇ ಮುಂದೆ ‘ಸ್ಕೋಪ್ ದೋಷ’ವಾಗಿ ಕಾಣಿಸಿಕೊಳ್ಳುತ್ತದೆ.

ಚುನಾವಣೆಗೆಂದು ಠಾಣೆಯಲ್ಲಿ ಇರಿಸಿ ಮರಳಿ ತಂದ ಕೋವಿಯ ಝೀರೋವನ್ನು ಪರೀಕ್ಷಿಸದೆ ನಂಬಬೇಡಿ. ಸಾಲಾಗಿ ಒರಗಿಸಿಟ್ಟ ಕೋವಿಗಳ ನಡುವೆ ಸ್ಕೋಪಿಗೆ ಪೆಟ್ಟು ಬೀಳುವುದು ಸಹಜ. ಸಾಧ್ಯವಿದ್ದರೆ ಸ್ಕೋಪ್ ಮತ್ತು ರಿಂಗನ್ನು ಮನೆಯಲ್ಲೇ ಬಿಚ್ಚಿಟ್ಟು ಕೋವಿ ಮಾತ್ರ ಒಪ್ಪಿಸಿ.

ಸ್ಕೋಪಿನ ಒಳಗೆ

ಹೊರಗಿನದೆಲ್ಲ ಸರಿ ಇದ್ದು ದೂರು ಉಳಿದರೆ ಈಗ ಸ್ಕೋಪಿನ ಸರದಿ. ಹೊರ ಟ್ಯೂಬಿನ ಒಳಗೆ ಎರೆಕ್ಟರ್ ಎಂಬ ಇನ್ನೊಂದು ಸಣ್ಣ ಟ್ಯೂಬಿದೆ. ಅದರ ಹಿಂಬದಿ ಒಂದು ಕೀಲಿನ ಮೇಲೆ ನಿಂತಿರುತ್ತದೆ. ಮುಂಬದಿಯನ್ನು ಒಂದು ಕಡೆಯಿಂದ ಟರೆಟ್ ಸ್ಕ್ರೂ ತಳ್ಳುತ್ತದೆ, ಎದುರಿನಿಂದ ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ. ಒದೆತಕ್ಕೆ ಸೋಲುವುದು ಈ ಸ್ಪ್ರಿಂಗ್ ಮತ್ತು ಕೀಲು. ಸ್ಪ್ರಿಂಗ್ ಬಲ ಕಳೆದುಕೊಂಡರೆ ಕ್ಲಿಕ್ ಕೊಟ್ಟಾಗ ಎರೆಕ್ಟರ್ ಟರೆಟ್ಟನ್ನು ಹಿಂಬಾಲಿಸುವುದಿಲ್ಲ, ಮುಂದಿನ ಈಡಿನ ಧಕ್ಕೆಗೆ ಜಾರಿ ಕೂರುತ್ತದೆ. ಎರಡು ಈಡಿನ ನಂತರ ಗುರಿ ಹಾರುವ ಕತೆ ಇದೇ.

ಗುಂಡು ಖರ್ಚಿಲ್ಲದೆ ಇದನ್ನು ಪರೀಕ್ಷಿಸಬಹುದು. ಬೋಲ್ಟ್ ತೆಗೆದ ರೈಫಲನ್ನು ಕದಲದಂತೆ ಭದ್ರಪಡಿಸಿ, ಐವತ್ತು ಮೀಟರ್ ದೂರದ ಗೋಡೆಗೆ ಅಳತೆಗೆರೆ ಹಾಕಿದ ಕಾಗದ ಅಂಟಿಸಿ. ಕಾಲು ಎಂಒಎ (ಕೋನದ ಅಳತೆ, ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ಕಿನ ಸ್ಕೋಪ್ ಆದರೆ 40 ಕ್ಲಿಕ್ಕಿಗೆ ಅಡ್ಡಗೆರೆ (ಸ್ಕೋಪಿನೊಳಗೆ ಕಾಣುವ ಗುರಿಗೆರೆ) ಅಲ್ಲಿ 145 ಮಿಲಿಮೀಟರ್ ಸರಿಯಬೇಕು, 0.1 ಮಿಲ್ (ಇನ್ನೊಂದು ಕೋನದ ಅಳತೆ) ಸ್ಕೋಪ್ ಆದರೆ 40 ಕ್ಲಿಕ್ಕಿಗೆ 200 ಮಿಲಿಮೀಟರ್. ಮೇಲೆ 40, ಬಲಕ್ಕೆ 40, ಕೆಳಗೆ 40, ಎಡಕ್ಕೆ 40 ಕೊಟ್ಟು ಚೌಕ ಸುತ್ತಿ ಹೊರಟಲ್ಲಿಗೇ ಬರುತ್ತದೆಯೇ ನೋಡಿ. ಐದು ಸಲ ಸುತ್ತಿ. ಕಣ್ಣು ಸ್ಕೋಪಿನ ನಡುವೆಯೇ ಇರಲಿ, ಇಲ್ಲದಿದ್ದರೆ ಪ್ಯಾರಲ್ಯಾಕ್ಸನ್ನೇ (ಕಣ್ಣು ಸರಿದಾಗ ಗೆರೆ ಸರಿದಂತೆ ಕಾಣುವುದು) ದೋಷವೆಂದು ಓದುತ್ತೀರಿ. ಪ್ರತಿ ಮೂಲೆಯಲ್ಲಿ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಕೆಯಿಂದ ಟರೆಟ್ ಬುಡಕ್ಕೆ ಹಗುರವಾಗಿ ತಟ್ಟಿ. ತಟ್ಟಿದಾಗ ಅಡ್ಡಗೆರೆ ಸರಿದರೆ ಸ್ಪ್ರಿಂಗ್ ಸೋತಿದೆ. ಝೂಮ್ ಕಡಿಮೆಯಿಂದ ಹೆಚ್ಚಿಗೆ ತಿರುಗಿಸುವಾಗ ಅಡ್ಡಗೆರೆ ಗುರುತಿನಿಂದ ಪಕ್ಕಕ್ಕೆ ಹೋಗುತ್ತಿದ್ದರೆ ಎರೆಕ್ಟರಿನ ಕ್ಯಾಮ್ (ಝೂಮ್ ಲೆನ್ಸುಗಳನ್ನು ಸರಿಸುವ ಭಾಗ) ಸವೆದಿದೆ.

ಸ್ಪ್ರಿಂಗ್ ಹೊಸದಿದ್ದರೂ ಸೋಲಿಸುವ ಒಂದು ದಾರಿ ಇದೆ: ಟರೆಟ್ಟನ್ನು ಕೊನೆಯ ಮಿತಿಯ ಹತ್ತಿರ ಇಟ್ಟುಕೊಂಡು ಹೊಡೆಯುವುದು. ಬೇಸ್ ಓರೆಯಾಗಿದ್ದರೆ ಅದನ್ನು ಟರೆಟ್ಟಿನಿಂದ ಸರಿದೂಗಿಸಲು ಹೋಗಿ ಹೀಗಾಗುತ್ತದೆ. ಸ್ಪ್ರಿಂಗ್ ಪೂರ್ತಿ ಸಡಿಲಿಸಿದ ತುದಿಯಲ್ಲಿ ಎರೆಕ್ಟರನ್ನು ಹಿಡಿಯುವ ಬಲವೇ ಇರುವುದಿಲ್ಲ. ಮಧ್ಯ ಕಂಡುಹಿಡಿಯಲು ಸ್ಕೋಪ್ ತೆಗೆದು, ಕಡಿಮೆ ಝೂಮಿನಲ್ಲಿ, ಮುಂದಿನ ಗಾಜನ್ನು ಕನ್ನಡಿಗೆ ಸಮನಾಗಿ ಒತ್ತಿ ನೋಡಿ. ಎರಡು ಅಡ್ಡಗೆರೆ ಕಾಣುತ್ತವೆ. ಎರಡೂ ಒಂದರ ಮೇಲೊಂದು ಕೂರುವವರೆಗೆ ಟರೆಟ್ ತಿರುಗಿಸಿ. ಅಲ್ಲಿಂದ ಝೀರೋ ತುಂಬ ದೂರವಿದ್ದರೆ ಬೇಸ್ ಸರಿಮಾಡಿ, ಸ್ಕೋಪನ್ನು ಬೈಯಬೇಡಿ.

ಈ ಪರೀಕ್ಷೆಯಲ್ಲಿ ಸೋತ ಸ್ಕೋಪನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ಒಳಗಿನ ನೈಟ್ರೋಜನ್ ಅಥವಾ ಆರ್ಗಾನ್ ಹೋದ ಮೇಲೆ ಈ ಜಿಲ್ಲೆಯ ಗಾಳಿ ಒಳಹೊಕ್ಕು ಒಂದೇ ಮಳೆಗಾಲದಲ್ಲಿ ಗಾಜು ಹಾಳಾಗುತ್ತದೆ.

ಮಂಜು, ಬೂಸ್ಟು, ಉಪ್ಪು

ಬೆಳಗಿನ ಇಬ್ಬನಿಯಲ್ಲಿ ಗಾಜಿನ ಹೊರಗೆ ಮಂಜು ಕೂರುವುದು ದೋಷವಲ್ಲ, ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದ ಮಂಜು ಒಳಗಿನದು, ಅಂದರೆ ಒ-ರಿಂಗ್ (ರಬ್ಬರ್ ಸೀಲ್) ಸೋರಿದೆ. ಹೆಚ್ಚು ಒದೆತ ತಿಂದ ಸ್ಕೋಪಿನಲ್ಲಿ ಗುರಿ ಹೋಗುವ ಮೊದಲೇ ಸೀಲ್ ಹೋಗುವುದುಂಟು. ಅನುಮಾನವಿದ್ದರೆ ಟರೆಟ್ ಮುಚ್ಚಳ ಹಾಕಿ, ಕೈಗೆ ಬಿಸಿ ಎನಿಸುವ ಸುಮಾರು 45 ಡಿಗ್ರಿ ನೀರಿನ ಬಕೆಟ್ಟಿನಲ್ಲಿ ಒಂದೆರಡು ನಿಮಿಷ ಮುಳುಗಿಸಿ. ಒಂದೇ ಜಾಗದಿಂದ ಗುಳ್ಳೆಗಳ ಸರ ಏಳುತ್ತಿದ್ದರೆ ಸೋರಿಕೆ ಖಚಿತ, ಕೂಡಲೇ ತೆಗೆಯಿರಿ. ಖಾತರಿ ಅವಧಿಯಲ್ಲಿರುವ ಸ್ಕೋಪನ್ನು ಹೀಗೆ ಪರೀಕ್ಷಿಸದೆ ತಯಾರಕರಿಗೇ ನೇರ ಕಳಿಸುವುದು ಜಾಣತನ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡಲಗಾಳಿಗೆ ಅಲ್ಯೂಮಿನಿಯಂ ರಿಂಗ್ ಮತ್ತು ಉಕ್ಕಿನ ಸ್ಕ್ರೂ ಸೇರುವಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಸ್ಕ್ರೂ ಅಲ್ಲೇ ಹಿಡಿದು ನಿಂತಾಗ ಟಾರ್ಕ್ ಸ್ಕ್ರೂಡ್ರೈವರ್ ‘ಸರಿ ಬಿಗಿದಿದೆ’ ಎಂದು ಸುಳ್ಳು ಹೇಳುತ್ತದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಬಿಗಿಯುವುದೊಂದೇ ಉಪಾಯ. ಟಾರ್ಕ್ಸ್ ಟಿ-15 ತಲೆಯ ಸ್ಕ್ರೂ ಹೆಕ್ಸ್ ತಲೆಗಿಂತ ಕಡಿಮೆ ಸವೆಯುತ್ತದೆ.

ಗಾಜಿಗೆ ಬೂಸ್ಟು ಹಿಡಿಯುವುದು ತೇವಾಂಶ ಶೇ 65–70 ದಾಟಿದಲ್ಲಿ. ಕ್ಯಾನ್ವಾಸ್ ಚೀಲದಲ್ಲಿ ಮಳೆಗಾಲ ಪೂರ್ತಿ ಕಟ್ಟಿಡುವುದು ಬೂಸ್ಟು ಬೆಳೆಸುವ ಕ್ರಮ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟ ಒಣ ಜಾಗವೇ ಆದರೂ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಶೇ 40–50 ತೋರಿಸುತ್ತಿರುವ ಸಣ್ಣ ಹೈಗ್ರೋಮೀಟರ್ (ತೇವಾಂಶ ಮಾಪಕ) ಸಾಕು. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಹಾಕಿ.

ಸ್ಪ್ರಿಂಗ್ ಏರ್‌ರೈಫಲ್ ಬೇರೆ ಜಾತಿ

.177 ಸ್ಪ್ರಿಂಗ್ ಏರ್‌ರೈಫಲ್ ಹೆಗಲಿಗೆ ಒದೆಯುವುದೇ ಇಲ್ಲವೆನ್ನುವಷ್ಟು ಕಡಿಮೆ, ಆದರೂ .30-06 ತಾಳಿದ ಸ್ಕೋಪನ್ನು ಮುರಿಯಬಲ್ಲದು. ಪಿಸ್ಟನ್ ಮುಂದಕ್ಕೆ ಹಾರುವಾಗ ರೈಫಲ್ ಹಿಂದಕ್ಕೆ ಬರುತ್ತದೆ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ಹಿಂದಿನ ಒದೆತಕ್ಕೆ ಮಾತ್ರ ಭದ್ರಪಡಿಸಿದ ಲೆನ್ಸುಗಳು ಎರಡನೇ ಜಗ್ಗಿಗೆ ಕಳಚುತ್ತವೆ. ಇಲ್ಲಿ ಸ್ಕೋಪ್ ಜಾರುವುದು ಹಿಂದಕ್ಕೆ. 11 ಮಿಲಿಮೀಟರ್ ಡವ್‌ಟೇಲಿಗೆ (ರೈಫಲ್ ಮೇಲಿನ ಓರೆ ಅಂಚಿನ ಪಟ್ಟಿ) ಒಂದೇ ತುಂಡಿನ ಮೌಂಟ್ ಹಾಕಿ, ತಡೆ ಪಿನ್ನನ್ನು ರಿಸೀವರ್‌ನ ತೂತಿಗೆ ಇಳಿಸಿ. ಏರ್‌ಗನ್ನಿಗೆಂದೇ ಹೇಳಿದ, 10 ಮೀಟರಿನಿಂದ ಫೋಕಸ್ ಹೊಂದುವ ಸ್ಕೋಪನ್ನೇ ಕೊಳ್ಳಿ.

ಹೊಸದು ಕೊಳ್ಳುವಾಗ

ಮೊದಲು ನೋಡಬೇಕಾದದ್ದು ತೂಕ. 450 ಗ್ರಾಂ ಒಳಗಿರಲಿ, .375ಕ್ಕೆ ಇನ್ನೂ ಕಡಿಮೆ. 50 ಅಥವಾ 56 ಮಿಲಿಮೀಟರ್ ಮುಂಗಾಜು ಬೇಡ. ಅದನ್ನು ಎತ್ತರದ ರಿಂಗಿನಲ್ಲಿ ಕೂರಿಸಿದರೆ ಎಳೆತದ ಜೊತೆ ಸನ್ನೆಯ ಬಲವೂ ಸೇರಿಕೊಳ್ಳುತ್ತದೆ. ನಮ್ಮ ಕಾಡಂಚಿನಲ್ಲಿ ನೂರು ಮೀಟರ್ ಬಯಲು ಸಿಗುವುದೇ ಅಪರೂಪ, 4-16 ಝೂಮ್ ಹೊತ್ತು ಮಾಡುವುದೇನು? ನಮ್ಮ ಮತ ಸ್ಥಿರ 4 ಪಟ್ಟಿನ ಸ್ಕೋಪಿಗೆ. ಝೂಮ್ ಕ್ಯಾಮ್ ಇಲ್ಲದ್ದರಿಂದ ಸವೆಯುವ ಭಾಗವೇ ಕಡಿಮೆ. ಝೂಮ್ ಬೇಕೇ ಬೇಕೆಂದರೆ 1.5-5×20 ಅಥವಾ 2-7×33, ಹೆಚ್ಚೆಂದರೆ 3-9×40 (ಮೊದಲ ಎರಡು ಅಂಕಿ ಎಷ್ಟು ಪಟ್ಟು ಎಂಬುದು, ಕೊನೆಯದು ಮುಂಗಾಜಿನ ಮಿಲಿಮೀಟರ್).

ಎರಡನೆಯದು ಕಣ್ಣಿಗೂ ಸ್ಕೋಪಿನ ಹಿಂಗಾಜಿಗೂ ನಡುವಿನ ಅಂತರ. ಕನಿಷ್ಠ 90 ಮಿಲಿಮೀಟರ್, .375ಕ್ಕೆ 100. ಎಷ್ಟೋ ಸ್ಕೋಪುಗಳಲ್ಲಿ ಇದು ಝೂಮ್ ಏರಿಸಿದಂತೆ ಕಡಿಮೆಯಾಗುತ್ತದೆ, ಆದ್ದರಿಂದ ಗರಿಷ್ಠ ಝೂಮಿನ ಅಂಕಿಯನ್ನು ಕೇಳಿ. ಹುಬ್ಬಿನ ಮೇಲೆ ಅರ್ಧಚಂದ್ರ ಗಾಯ ಆಗುವುದು ಈ ಅಂಕಿ ನೋಡದವರಿಗೆ.

ಡಬ್ಬಿಯ ಮೇಲಿನ ‘ಶಾಕ್‌ಪ್ರೂಫ್’ ಎಂಬ ಪದಕ್ಕೆ ಬೆಲೆಯಿಲ್ಲ. ಯಾವ ಕ್ಯಾಲಿಬರ್‌ವರೆಗೆ ಖಾತರಿ, ಎಷ್ಟು ಧಕ್ಕೆಗಳ ಪರೀಕ್ಷೆ ಎಂದು ತಯಾರಕರು ಬರೆದಿದ್ದಾರೆಯೇ ನೋಡಿ. ಉದಾಹರಣೆಗೆ ಲ್ಯೂಪೋಲ್ಡ್ ತನ್ನ ಧಕ್ಕೆ ಯಂತ್ರದಲ್ಲಿ .308ರ ಮೂರು ಪಟ್ಟು ಒದೆತದ 5,000 ಪೆಟ್ಟು ಕೊಡುವುದಾಗಿ ಹೇಳುತ್ತದೆ. ಅಂಥ ಸ್ಪಷ್ಟ ಮಾತಿಗೆ ಹುಡುಕಿ. ನೀರಿನ ವಿಷಯದಲ್ಲಿ ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ, ನಮ್ಮ ಮಳೆಗೆ ಅದಕ್ಕಿಂತ ಕಡಿಮೆ ಬೇಡ. 25.4 ಮಿಲಿಮೀಟರ್ ಟ್ಯೂಬಿಗಿಂತ 30 ಮಿಲಿಮೀಟರಿನದು ಗಟ್ಟಿ ಎಂಬುದು ಅರ್ಧ ನಿಜ. ಟ್ಯೂಬ್ ಬಾಗುವುದು ಅಪರೂಪ, ಸೋಲುವುದು ಒಳಗಿನ ಸ್ಪ್ರಿಂಗ್. ಇನ್ನು ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ದೊಡ್ಡ ಹೆಸರಿನ ಸ್ಕೋಪ್ ನಕಲು ಎಂದೇ ತಿಳಿಯಿರಿ. ಸೀರಿಯಲ್ ನಂಬರನ್ನು ತಯಾರಕರಲ್ಲೇ ಪರಿಶೀಲಿಸಿ. ದುಡ್ಡು ಹಂಚುವಾಗ ಉಕ್ಕಿನ ರಿಂಗು, ಒಂದೇ ತುಂಡಿನ ಬೇಸಿಗೆ ಮೊದಲು ತೆಗೆದಿಡಿ, ಉಳಿದದ್ದು ಸ್ಕೋಪಿಗೆ.

ಕೂರಿಸಿದ ಮೇಲೆ ಮೊದಲು 25 ಮೀಟರಿನಲ್ಲಿ ಕಾಗದಕ್ಕೆ ತಂದು, ನಂತರ ನೂರಕ್ಕೆ ಹೋಗಿ. ಇಪ್ಪತ್ತು ಈಡಿನ ನಂತರ ನೈಲ್‌ಪಾಲಿಶ್ ಗೆರೆಗಳನ್ನು ನೋಡಿ, ಟಾರ್ಕ್ ಒಮ್ಮೆ ಪರೀಕ್ಷಿಸಿ. ಗೆರೆ ಕೂಡಿದ್ದರೆ ಮತ್ತೆ ಮತ್ತೆ ಬಿಗಿಯಲು ಹೋಗಬೇಡಿ. ಝೀರೋ ಆದ ತೋಟಾದ ಹೆಸರು, ಗುಂಡಿನ ತೂಕ, ಕನ್ನಡಿ ಮಧ್ಯದಿಂದ ಎಷ್ಟು ಕ್ಲಿಕ್ ಆಚೆ ಎಂಬುದನ್ನು ಬರೆದು ಸ್ಕೋಪಿನ ಡಬ್ಬಿಯೊಳಗೆ ಇಡಿ. ಮುಂದಿನ ದೂರು ಬಂದಾಗ ಮೊದಲು ತೆಗೆದು ನೋಡಬೇಕಾದದ್ದು ಆ ಚೀಟಿ.